ಪ್ರಾರ್ಥನೆಯಲ್ಲಿ ಕಣ್ಣು ತೆರೆದಿದ್ದವರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಕಣ್ಣು ತೆರೆಯುವುದು ದೊಡ್ಡ ತಪ್ಪಾಗಿತ್ತು. ಅಂಥ ಮನೆಯಲ್ಲಿ ಒಂದು ಭಾನುವಾರ ಅವ್ವನೇ ನನ್ನನ್ನು ಹಿತ್ತಲಿಗೆ ಕರೆದು, ಇವತ್ತು ಊಟದ ಪ್ರಾರ್ಥನೆಯಲ್ಲಿ ನೀನು ಕಣ್ಣು ಮುಚ್ಚಬೇಡ ಎಂದಳು.

ಆಗ ನಾವು ಪುಣೆಯ ಖಡಕಿಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಅಲ್ಲಿ ಹೆಂಚಿನ ಸಣ್ಣ ಮನೆ ಮಾಡಿದ್ದ. ರಸ್ತೆಯ ಬದಿಗೆ ಒಂದು ಕೋಣೆ, ಅಲ್ಲಿಯವರು ಖೋಲಿ ಎನ್ನುವುದು, ಹೆಚ್ಚಿಗೆ ಇತ್ತು. ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು. ಹಿಂದಿನ ಬಾಡಿಗೆಯವನು, ತಾನೂ ಯೇಸುಸ್ವಾಮಿಯ ಭಕ್ತ ಎಂದು ಹೇಳಿಕೊಂಡು ಬಂದಿದ್ದ. ಸಿಕ್ಕಾಗೆಲ್ಲ ಕೈಮುಗಿದು ಸ್ತೋತ್ರ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವನೂ ಇರಲಿಲ್ಲ, ಬಚ್ಚಲಿನಲ್ಲಿದ್ದ ನಮ್ಮ ತಾಮ್ರದ ಹಂಡೆಯೂ ಇರಲಿಲ್ಲ. ಅಂದಿನಿಂದ ಯಾರಾದರೂ ಸ್ತೋತ್ರ ಎಂದರೆ ಅವ್ವ ಮೊದಲು ಬಚ್ಚಲಿನ ಕಡೆ ನೋಡುತ್ತಿದ್ದಳು.

ಆ ಭಾನುವಾರ ಚರ್ಚಿನಲ್ಲಿ ಮರಾಠಿ ಆರಾಧನೆ ಮುಗಿದು ನಮ್ಮ ಕನ್ನಡದ ಆರಾಧನೆಯೂ ಮುಗಿದ ಮೇಲೆ, ಸಭಾಪಾಲಕರು ಅಪ್ಪನಿಗೆ ಒಬ್ಬರನ್ನು ತೋರಿಸಿದರು. ಗದಗಿನವರು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಮರುದಿನ ಬೆಳಿಗ್ಗೆ ಮೊದಲ ಪಾಳಿ. ಆದರೆ ಇರಲು ಮನೆ ಸಿಕ್ಕಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಜೊತೆಗೆ ನಾಲ್ಕೈದು ವರ್ಷದ ಮಗಳು, ಒಂದು ಟ್ರಂಕು. ಸಂಜೆಯೊಳಗೆ ಒಂದು ಖೋಲಿ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗುವ ರೈಲು ಹತ್ತಬೇಕು, ಬೇರೆ ದಾರಿಯಿಲ್ಲ ಎಂದು ಸಭಾಪಾಲಕರು ಹೇಳಿದರು. ಅಪ್ಪ ಅವರನ್ನು ಊಟಕ್ಕೆ ಕರೆತಂದ. ಖೋಲಿಯ ಮಾತನ್ನು ಊಟವಾದ ಮೇಲೆ ಆಡೋಣ ಎಂದ. ಅಂದರೆ ಅವ್ವನನ್ನು ಕೇಳಬೇಕು ಎಂದರ್ಥ.

ಅವ್ವ ಮಸಾಲೆ ಅರೆಯುತ್ತಲೇ ಬಂದವರನ್ನು ಅಳೆದಳು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳೂ ಅಳೆದಳು. ಗದಗಿನ ಮಾಮಾನ ಬೈಬಲಿನ ಹಾಳೆಗಳು ಅಂಗಡಿಯಿಂದ ಈಗ ತಂದಂತೆ ಗರಿಗರಿಯಾಗಿದ್ದವು. ಹುಡುಗಿಯ ಮಣಿಕಟ್ಟನ್ನು ಅವರು ಒಂದು ಕ್ಷಣವೂ ಬಿಡಲಿಲ್ಲ. ಅಕ್ಕ ಅವಳನ್ನು ಕುಂಟಾಬಿಲ್ಲೆ ಆಡಲು ಅಂಗಳಕ್ಕೆ ಕರೆದಳು. ಹುಡುಗಿಗೆ ಹೋಗುವ ಆಸೆಯಿತ್ತು, ಆದರೆ ಮಾಮಾ ಬೇಡ ಎಂದರು. ನಾನು ಬಾವಿ ತೋರಿಸುತ್ತೇನೆ ಎಂದೆ. ಅದಕ್ಕೂ ಬೇಡ ಎಂದರು, ಈ ಸಲ ಸ್ವಲ್ಪ ಗಟ್ಟಿಯಾಗಿ. ಅವಳಿಗೆ ಅವ್ವ ಇಲ್ಲವೇ ಎಂದು ಅಕ್ಕ ಕೇಳಿದಾಗ ಅವರು ಚಾವಣಿ ನೋಡಿದರು.

ಅಕ್ಕ ನನ್ನ ಕಿವಿಯಲ್ಲಿ, "ಇಂವ ಮಕ್ಕಳ ಕಳ್ಳ ಇರಬೇಕ ನೋಡ. ಕೂಸು ಅವನದಲ್ಲ," ಎಂದಳು.

ಆ ದಿನಗಳಲ್ಲಿ ಮಕ್ಕಳನ್ನು ಹಿಡಿದುಕೊಂಡು ಹೋಗುವವರ ಸುದ್ದಿ ಖಡಕಿ ಬಜಾರಿನಲ್ಲಿ ತುಂಬ ಓಡಾಡುತ್ತಿತ್ತು. ನಾನು ತಕ್ಷಣ ನಂಬಿದೆ. ಅವ್ವ ಅಷ್ಟು ದೂರ ಹೋಗಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಸಾಕ್ಷಿ: ಈ ಮನುಷ್ಯ ನಿಜವಾಗಿ ಪ್ರಾರ್ಥನೆ ಮಾಡುವವನೋ, ಹಂಡೆಯವನ ತಮ್ಮನೋ. ಅದಕ್ಕೇ ನನ್ನನ್ನು ಹಿತ್ತಲಿಗೆ ಕರೆದದ್ದು. ತಾನು ಕಣ್ಣು ತೆರೆದರೆ ಅಪ್ಪನಿಗೆ ಗೊತ್ತಾಗುತ್ತದೆ, ಅಕ್ಕ ತೆರೆದರೆ ನಕ್ಕುಬಿಡುತ್ತಾಳೆ, ಆದ್ದರಿಂದ ನೀನೇ ನೋಡಬೇಕು ಎಂದಳು. ದೇವರು ಬೈಯುವುದಿಲ್ಲವೇ ಎಂದು ಕೇಳಿದೆ. ತಾಯಿಯ ಮಾತು ಕೇಳು ಎಂದು ಹೇಳಿದವನೂ ಅವನೇ ಎಂದಳು.

ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಕೂತೆವು. ಮಟನ್ ಸಾರಿನ ಘಮ, ಬಿಸಿ ಅನ್ನದ ಹಬೆ. ಒಂದು ತುದಿಯಲ್ಲಿ ಕೆಂಡದ ಶೇಗಡಿ, ಅದರ ಮೇಲೆ ಕುದಿಯುವ ಬೇಳೆಯ ಪಾತ್ರೆ. ಅವ್ವ ಮಾಮಾನಿಗೆ ಅಪ್ಪನ ಪಕ್ಕ ತಟ್ಟೆ ಇಟ್ಟಿದ್ದಳು. ಅವರು ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಶೇಗಡಿಗೂ ಮಗಳಿಗೂ ನಡುವೆ ಕೂತರು. ಅಲ್ಲಿಯೇ ಕಪಾಟು, ಅದರಲ್ಲಿ ನಮ್ಮ ಹಿತ್ತಾಳೆಯ ಸಾಮಾನು. ಅವ್ವ ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದಳು.

ಅಪ್ಪನ ಭಾನುವಾರದ ಪ್ರಾರ್ಥನೆ ಉದ್ದ. ಸಭೆಗಾಗಿ, ಗಡಿಯಲ್ಲಿರುವ ಸೈನಿಕರಿಗಾಗಿ, ಊರಿನ ನೆಂಟರಿಗಾಗಿ, ರೋಗಿಗಳಿಗಾಗಿ ಬೇಡುತ್ತಿದ್ದ. ಅನ್ನ ಆರಿದರೂ ಆಮೆನ್ ಬರುತ್ತಿರಲಿಲ್ಲ. ಎಲ್ಲರೂ ತಲೆ ಬಾಗಿಸಿದರು. ನಾನು ಮಾತ್ರ ರೆಪ್ಪೆಯ ಸಂದಿಯಿಂದ ನೋಡಿದೆ.

ಮಾಮಾನ ಕಣ್ಣು ತೆರೆದಿತ್ತು.

ಸುಮ್ಮನೆ ತೆರೆದಿರಲಿಲ್ಲ, ಕಾವಲುಗಾರನ ಕಣ್ಣಿನ ಹಾಗೆ ತೆರೆದಿತ್ತು. ಸಿಕ್ಕಿಬಿದ್ದ ಎಂದುಕೊಂಡೆ. ಅವರು ನೋಡುತ್ತಿದ್ದದ್ದು ಕಪಾಟನ್ನಲ್ಲ, ಮಗಳ ಮುಖವನ್ನು ಎಂಬುದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಪ್ಪ ಸೈನಿಕರಿಂದ ರೋಗಿಗಳ ಕಡೆಗೆ ಬಂದಿದ್ದ. ಹುಡುಗಿಯ ಕತ್ತು ಒಂದು ಕಡೆಗೆ ತಿರುಗಿತು. ಕಣ್ಣುಗುಡ್ಡೆ ಮೇಲೆ ಹೋಯಿತು. ಕೈಕಾಲು ಕೊರಡಿನಂತೆ ಸೆಟೆದು, ಅವಳು ಶೇಗಡಿಯ ಕಡೆಗೇ ವಾಲಿದಳು. ಬೀಳಲಿಲ್ಲ. ಅಷ್ಟರೊಳಗೆ ಮಾಮಾನ ಕೈ ಅಲ್ಲಿತ್ತು. ಅವರು ಅವಳನ್ನು ಎಳೆದು ತೊಡೆಯ ಮೇಲೆ ಪಕ್ಕಕ್ಕೆ ಮಲಗಿಸಿದರು, ತಲೆಯ ಕೆಳಗೆ ಅಂಗೈ ಇಟ್ಟರು, ಅವಳ ಕಾಲು ಒದೆಯುವ ಜಾಗದಿಂದ ತಟ್ಟೆಯನ್ನು ಸದ್ದಿಲ್ಲದೆ ಸರಿಸಿದರು. ಅವಳು ನಡುಗಿದಳು. ಅವರು ಬಗ್ಗಿ ಹಾಗೆಯೇ ಹಿಡಿದುಕೊಂಡರು. ಅಪ್ಪ, ದಿಕ್ಕಿಲ್ಲದವರಿಗೆ ನೆರಳು ಕೊಡು ಸ್ವಾಮಿ ಎಂದು ಬೇಡುತ್ತಿದ್ದ. ಆ ಹೊತ್ತಿಗೆ ಮಾಮಾ ತಲೆಯೆತ್ತಿದರು. ನನ್ನ ಕಣ್ಣೂ ತೆರೆದಿದೆ ಎಂದು ಅವರಿಗೆ ಕಂಡಿತು.

ಆಮೆನ್ ಎಂದಾಗ ಅವರ ದನಿಯೂ ಎಲ್ಲರೊಂದಿಗೆ ಇತ್ತು. ಹುಡುಗಿ ಶಾಂತವಾಗಿದ್ದಳು, ಅರೆಮಂಪರಿನಲ್ಲಿ. "ನಿದ್ದಿ ಬಂದದ್ರೀ ಅದಕ್ಕ," ಎಂದು ಮಾಮಾ ಅಪ್ಪನಿಗೆ ಹೇಳಿ, ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸಿದರು. ತಾವು ಅರ್ಧ ಊಟದಲ್ಲೇ ಎದ್ದು ಅವಳನ್ನು ಹೊರಗಿನ ಕಟ್ಟೆಗೆ ಎತ್ತಿಕೊಂಡು ಹೋದರು. ಅವ್ವನ ಅನುಮಾನ ಈಗ ಬೇರೆ ಕಡೆ ತಿರುಗಿತ್ತು. ಹಗಲು ಹೊತ್ತಿನಲ್ಲಿ ಹೀಗೆ ತೂಕಡಿಸಬೇಕಾದರೆ ಆ ಕೂಸಿಗೆ ಅಫೀಮು ತಿನ್ನಿಸಿರಬೇಕು ಎಂದು ಅಕ್ಕನಿಗೆ ಹೇಳಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ಕಣ್ಣ ಮುಚ್ಚಿದ್ದನೇನ?"

"ಇಲ್ಲ."

"ನಾ ಅಂದಿದ್ದಿಲ್ಲ?" ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೊರಟಳು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವ್ವ ಕೇಳಿದ್ದು ಅಷ್ಟೇ, ನಾನು ಉತ್ತರಿಸಿದ್ದೂ ಅಷ್ಟೇ. ಅಲ್ಲಿಗೆ ಬಿಟ್ಟಿದ್ದರೆ ಸಂಜೆಯ ರೈಲಿನಲ್ಲಿ ಅವರಿಬ್ಬರೂ ಇರುತ್ತಿದ್ದರು. ಉಳಿದದ್ದನ್ನು ಹೇಳಿದರೂ ಅವರು ಅದೇ ರೈಲು ಹತ್ತಬೇಕಾಗುತ್ತದೋ ಏನೋ ಎಂಬ ಹೆದರಿಕೆ ನನಗಿತ್ತು. ಮೂರ್ಛೆ ಬರುವವರನ್ನು ಆಗ ಜನ ಹತ್ತಿರ ಸೇರಿಸುತ್ತಿರಲಿಲ್ಲ. ಅದು ಅಂಟುತ್ತದೆ ಎನ್ನುತ್ತಿದ್ದರು, ದೆವ್ವ ಎನ್ನುತ್ತಿದ್ದರು. ಅವ್ವನೂ ಆ ಮಾತುಗಳ ನಡುವೆಯೇ ಬೆಳೆದವಳು.

"ಅವ್ವಾ, ಇನ್ನೂ ಅದ," ಎಂದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ.

ಅವ್ವ ಒಣಗಿದ್ದ ಕೈಗಳನ್ನೇ ಮತ್ತೆ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹೊರಗಿನ ಕಟ್ಟೆಗೆ ನಡೆದಳು, ನಾನು ಹಿಂದೆ. ಮಾಮಾ ಆಗಲೇ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಹುಡುಗಿ ಅವರ ಮಡಚಿದ ಕೋಟಿನ ಮೇಲೆ ಮಲಗಿದ್ದಳು.

"ಯಾಕ ಹೇಳಲಿಲ್ರೀ ನೀವು?" ಎಂದು ಅವ್ವ ಕೇಳಿದಳು.

ಮಾಮಾ ಹಗ್ಗ ಬಿಡಲಿಲ್ಲ. "ಹೇಳಿದ ಮನ್ಯಾಗ ಕೂಸಿಗೆ ನೀರು ಸುದ್ದಾ ಕೊಟ್ಟಿಲ್ರೀ, ಅಕ್ಕಾರ. ಇಲ್ಲೆ ಒಂದು ತುತ್ತು ಉಣ್ಣಲಿ, ಆಮ್ಯಾಲ ಹೇಳೂಣಂತ ಇದ್ದೆ."

ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. ವಿಷಯ ತಿಳಿದು ಅವನ ಮುಖದಲ್ಲೂ ಅಳುಕು ಕಂಡಿತು. ನಿಧಾನವಾಗಿ ಯೋಚಿಸೋಣ, ಸಭಾಪಾಲಕರನ್ನು ಇನ್ನೊಮ್ಮೆ ಕೇಳೋಣ ಎಂದು ಶುರು ಮಾಡಿದ. ಅವ್ವ ಅವನ ಕಡೆ ತಿರುಗಿದಳು.

"ದಿಕ್ಕಿಲ್ಲದವರಿಗೆ ನೆರಳು ಕೊಡು ಅಂತ ಈಗ ಹೇಳಿದ್ರಲ್ಲಾ, ಯಾರಿಗೆ ಹೇಳಿದ್ರಿ?"

"ಸ್ವಾಮಿಗೆ," ಎಂದ ಅಪ್ಪ.

"ಸ್ವಾಮಿ ಖಡಕಿಗೆ ಬಂದು ಖೋಲಿ ಕೊಡ್ತಾನೇನ?"

ಅಪ್ಪ ಒಳಗೆ ಹೋಗಿ ಬೀಗದ ಕೈ ತಂದ.

ಅವ್ವ ಅಂದು ಒಂದೇ ಏಟಿಗೆ ಬದಲಾದಳು ಎಂದು ಬರೆದರೆ ತಪ್ಪಾಗುತ್ತದೆ. ಖೋಲಿ ಕೊಟ್ಟಳು, ಹೊಸ ಹಂಡೆಯನ್ನು ಮಾತ್ರ ಒಳಗೆ ತಂದಿಟ್ಟಳು. ಗರಿಗರಿ ಬೈಬಲಿನ ವಿಚಾರವನ್ನೂ ಬಿಡಲಿಲ್ಲ. ಹಳೆಯದನ್ನು ಹೆಂಡತಿಯ ಜೊತೆ ಮಣ್ಣಿಗಿಟ್ಟೆ ಎಂದು ಮಾಮಾ ಹೇಳಿದ ದಿನ ಅವಳು ಕೇಳುವುದನ್ನು ನಿಲ್ಲಿಸಿದಳು. ಆದರೆ ಆ ಸಂಜೆಯೇ ಶೇಗಡಿ ನೆಲದಿಂದ ಅಡುಗೆಮನೆಯ ಕಟ್ಟೆಯ ಮೇಲೆ ಹೋಯಿತು. ಮಾಮಾ ಪಾಳಿಗೆ ಹೋದಾಗ ಹುಡುಗಿ ಅವ್ವನ ಕಣ್ಣಳತೆಯಲ್ಲೇ ಇರುತ್ತಿದ್ದಳು, ಅಂಗಳದಲ್ಲಿ ಅಕ್ಕನ ಜೊತೆ ಆಡುತ್ತಿದ್ದಳು, ಬಾವಿಯ ಬಾಯಿಗೆ ಹಲಗೆ ಬಿತ್ತು. ನಮ್ಮ ಮನೆಯಲ್ಲಿ ಹೊಸದೊಂದು ನಿಯಮವೂ ಬಂತು: ಪ್ರಾರ್ಥನೆಯ ಹೊತ್ತಿಗೆ ಯಾರಾದರೂ ಒಬ್ಬರು ಕಣ್ಣು ತೆರೆದು ಹುಡುಗಿಯನ್ನು ನೋಡುತ್ತಿರಬೇಕು. ಸರದಿಯ ಮೇಲೆ. ಮಾಮಾನಿಗೆ ಸರದಿ ಬೇಡ, ಅವರು ಬಹಳ ದಿನದಿಂದ ಕಣ್ಣು ಮುಚ್ಚಿಲ್ಲ ಎಂದು ಅವ್ವ ತೀರ್ಮಾನಿಸಿದಳು. ಮುಂದಿನ ಭಾನುವಾರ ನನ್ನ ಸರದಿ. ಅವರು ಕಣ್ಣು ಮುಚ್ಚಿ ಕೂತಿದ್ದರು. ಮುಖ ಒದ್ದೆಯಾಗಿತ್ತು.

ಮೊಮ್ಮಕ್ಕಳೇ, ಇದೇ ಪುಣೆಯ ಖರಾಡಿಯ ನಿಮ್ಮ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಕೆಂಡವಿಲ್ಲ, ಬಾವಿಯಿಲ್ಲ. ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಒಳಗೆ ಬಿಡಲೇ ಎಂದು ನಿಮ್ಮಮ್ಮನಿಗೆ ಫೋನು ಮಾಡುತ್ತಾರೆ. ಬಾಗಿಲಿನ ಕ್ಯಾಮೆರಾ ಅವರ ಮುಖವನ್ನು ಒಳಗಿನ ಪರದೆಗೆ ಕಳಿಸುತ್ತದೆ. ಅವ್ವ ಇದ್ದಿದ್ದರೆ ಈ ಏರ್ಪಾಡನ್ನು ತುಂಬ ಮೆಚ್ಚುತ್ತಿದ್ದಳು. ನಾನೂ ಬೇಡ ಎನ್ನುವುದಿಲ್ಲ.

ಎದುರಿನ ಫ್ಲ್ಯಾಟಿಗೆ ಬಂದಿರುವವರ ಹುಡುಗ ಹೊತ್ತಲ್ಲದ ಹೊತ್ತಿನಲ್ಲಿ ಕಿರುಚುತ್ತಾನೆ ಎಂದು ನಿಮ್ಮ ಸೊಸೈಟಿಯ ಗ್ರೂಪಿನಲ್ಲಿ ದೂರು ಬಂದಿದೆ. ಅವರಿಗೆ ಮನೆ ಕೊಟ್ಟವರು ಯಾರು ಎಂದು ಕೆಲವರು ಕೇಳಿದ್ದಾರೆ. ನೀವು ಅವನನ್ನು ಪರದೆಯಲ್ಲಿ ನೋಡಿ, ಅವನಿಂದ ಅಪಾಯವಿದೆಯೇ ಅಜ್ಜಾ ಎಂದು ನನ್ನನ್ನು ಕೇಳಿದಿರಿ. ನನಗೆ ಗೊತ್ತಿಲ್ಲ. ನಾನು ನೋಡಿದ್ದು ಇಷ್ಟು: ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಅವನ ತಾಯಿ ಹತ್ತುವುದಿಲ್ಲ, ಖಾಲಿ ಲಿಫ್ಟಿಗಾಗಿ ಕಾಯುತ್ತಾಳೆ.

ಇವತ್ತು ಊಟಕ್ಕೆ ಮೊದಲು ಹೋಗಿ ಅವರ ಬಾಗಿಲಿನ ಗಂಟೆ ಒತ್ತಿ. ಅಲ್ಲಿಯೂ ಕ್ಯಾಮೆರಾ ಇದೆ. ಇವರು ಯಾರು, ಯಾಕೆ ಬಂದರು, ತೆರೆಯಬೇಕೋ ಬೇಡವೋ ಎಂದು ಅವರು ಪರದೆಯಲ್ಲಿ ನಿಮ್ಮನ್ನು ನೋಡುತ್ತಾರೆ. ನೋಡಿ ಮುಗಿಸುವವರೆಗೆ ಅಲ್ಲೇ ನಿಂತಿರಿ.