ಮತಿ ಅಂದಿದ್ದಕ್ಕೆ

ನಾನಿದ್ದ ತುಂಬ ಎಂಬ ಊರಿನಿಂದ ಕೊಚ್ಚಿಗೆ ಹೋಗಿ ದುಬಾರಿ ಕಾರು ಬುಕ್ ಮಾಡಲು ಕೂತ ಆ ಮಧ್ಯಾಹ್ನ ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ತಂಪುಗಾಳಿ ಬಿಡುವ ಸೀಟು, ಬಾಗಿಲ ಕೆಳಗೊಂದು ದೀಪ, ಕೀ ಕಳೆದರೆ ಒಂದು ಇನ್ಶೂರೆನ್ಸು, ಟೈರು ಒಡೆದರೆ ಇನ್ನೊಂದು ಎಂದು ಸೇಲ್ಸ್‌ನವನು ಕೊರೆಯುತ್ತಲೇ ಇದ್ದ. ಸಾಕು, ಬಾಯಿ ಮುಚ್ಚು ಎಂಬರ್ಥದಲ್ಲಿ ನಾನು ಪ್ರತಿಯೊಂದಕ್ಕೂ ನನ್ನ ಹರಕು ಮಲಯಾಳದಲ್ಲಿ "ಮತಿ, ಮತಿ" ಎಂದೆ. ಕೊನೆಗೆ ನೋಡಿದರೆ ಒಂದೂ ಬಿಡದೆ ಎಲ್ಲವನ್ನೂ ಸೇರಿಸಿದ್ದ.

"ನೀವೇ ಮತಿ ಅಂದ್ರಲ್ಲ ಸಾರ್, ಇದೇ ಆಗಬಹುದು ಅಂತ," ಎಂದು ಮಲಯಾಳದಲ್ಲಿ ಹೇಳಿ ಹಲ್ಲು ಕಿರಿದ. ಆ ಮಾತಿಗೆ ಆ ಅರ್ಥವೂ ಇತ್ತು. ನನ್ನ ಮುಖಕ್ಕೆ ಇರಲಿಲ್ಲ.

"ಹಾಗಾದರೆ ಕಾರೇ ವೇಂಡ, ಬೇಡ," ಎಂದೆ.

ಅದೊಂದನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿದ. ಹುಟ್ಟಾ ಮಲಯಾಳಿಗೆ ಇದ್ದಕ್ಕಿದ್ದಂತೆ ಮಲಯಾಳವೇ ಅರ್ಥವಾಗಲಿಲ್ಲ.