ಬೇವಿನ ಗಿಡದ ತಿರುವು

ಎತ್ತಿನ ಗಾಡಿಯ ಓಟದ ಶರ್ಯತ್ತಿಗೆ ದಾರಿ ಹಾಕಿಕೊಡುವ ಕೆಲಸ ವೈರಿಗೂ ಬೇಡ. ಕರೋಶಿಯ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಸುಣ್ಣದ ಗೆರೆ ನೆಟ್ಟಗೆ ಎಳೆಯಲು ಬರುತ್ತದೆ ಎಂಬ ಒಂದೇ ತಪ್ಪಿಗೆ, ಎಂಬತ್ತರ ದಶಕದಲ್ಲಿ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಹತ್ತು ವರ್ಷ ಬೈಸಿಕೊಂಡೆ. ಒಬ್ಬನಿಗೆ ಮಣ್ಣು ಸಡಿಲ, ಇನ್ನೊಬ್ಬನ ಎತ್ತಿನ ಕಣ್ಣಿಗೆ ಬಿಸಿಲು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹೋಗಲಿ ಬಿಡು ಎಂದು ಸುಮ್ಮನಿರುತ್ತಿದ್ದೆ. ಆದರೂ ಕೇಳಿ ಕೇಳಿ ಸಾಕಾಗಿತ್ತು.

ಒಂದು ಡೊಂಕು ಮಾತ್ರ ನಿಜವಾಗಿಯೂ ಇತ್ತು. ಊರಾಚೆಯ ಮಡ್ಡಿಯ ಬರಡು ಬಯಲಿನ ತುದಿಗೆ ಒಂದು ಬೇವಿನ ಗಿಡ. ಗಾಡಿಗಳು ಒಂದೊಂದಾಗಿ ಓಡಿ, ಅದನ್ನು ಸುತ್ತಿ ಮರಳಬೇಕು. ಎಲ್ಲರಿಗಿಂತ ಬೇಗ ಬಂದ ಗಾಡಿ ಗೆದ್ದಂತೆ. ಗಿಡದ ಹತ್ತಿರ ಎಡಕ್ಕೆ ತಿರುಗುವುದು ಹಳೆಯ ರೂಢಿ. ಹಾಗೆ ತಿರುಗುವಾಗ ಬಲಗಡೆಯ ಎತ್ತು ಹೊರಸುತ್ತಿಗೆ ಬಿದ್ದು ಜೀವ ತೇಯಬೇಕು. ಬಲಕ್ಕೆ ಹೂಡಿ ಪಳಗಿಸಿದ ಎತ್ತನ್ನು ಎಡಕ್ಕೆ ಕಟ್ಟಿದರೆ ಅದು ಹೆಜ್ಜೆ ಕೀಳುವುದಿಲ್ಲ.

ನನ್ನ ಅಣ್ಣನ ಬಲದ ಎತ್ತಿಗೆ ವಯಸ್ಸಾಗಿತ್ತು. ಮನೆಯಲ್ಲೇ ಹುಟ್ಟಿದ್ದು, ಅವನೇ ಪಳಗಿಸಿದ್ದು. ಐದು ವರ್ಷ ಓಡಿ ಐದು ವರ್ಷವೂ ಸೋತಿತ್ತು. ನಾನು ದಾರಿ ಹಾಕುತ್ತಿದ್ದ ಹತ್ತನೆಯ ವರ್ಷ ಅಣ್ಣ ಅದರ ಬೆನ್ನು ಸವರುತ್ತ, "ಇದೊಂದ ಸಲ ಓಡಲಿ. ಆಮ್ಯಾಲ ಇದರ ಕೊರಳಿಗೆ ನೊಗಾ ಹಾಕಂಗಿಲ್ಲ. ಒಮ್ಮೆರೆ ಗೆದ್ದ ಮನೀಗೆ ಬರಲಿ" ಅಂದ.

ಮರುದಿನ ಪಂಚರ ಮುಂದೆ ನಾನು, "ಯಾವಾಗ್ಲೂ ಎಡಕ್ಕ ಅಂದ್ರ ಅದು ನ್ಯಾಯ ಅಲ್ರಿ. ಈ ಸಲ ಬಲಕ್ಕ ತಿರುಗಲಿ" ಎಂದೆ.

"ಖರೇ ಐತ್ರಿ ಮಾಸ್ತರ" ಎಂದು ಹಿರಿಯರು ಒಪ್ಪಿದರು. ಎಲ್ಲ ಗಾಡಿಯವರಿಗೂ ವಾರ ಮೊದಲೇ ತಿಳಿಸಿದೆವು. ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತು ವರ್ಷ ಹೊಳೆಯದ ನ್ಯಾಯ ಈಗಲೇ ಏಕೆ ಹೊಳೆಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅಣ್ಣನ ಗಾಡಿ ಗೆದ್ದಿತು. ಜನ ಎತ್ತುಗಳ ಹಣೆಗೆ ಗುಲಾಲು ಬಳಿದು ಹಲಗೆ ಬಾರಿಸುತ್ತ ಮನೆಯವರೆಗೂ ಬಂದರು. ಎಲ್ಲರೂ ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಅಣ್ಣ ಮುದಿ ಎತ್ತಿಗೆ ನೀರು ಹಾಕುತ್ತಿದ್ದ. ಒಂದು ಒಳ್ಳೆಯ ಮಾತಿನ ಆಸೆ ನನಗಿತ್ತು, ಯಾಕೆ ಸುಳ್ಳು ಹೇಳಲಿ.

ಅವನು ತಲೆ ಎತ್ತಲಿಲ್ಲ. "ಗಿಡದ ಹಂತ್ಯಾಕ ಹಗ್ಗಾ ಹಿಡದಾಗ ತಿಳೀತು. ಇದು ನಿಂತಾಂಗ ಇತ್ತು, ಎಳದದ್ದೆಲ್ಲಾ ಎಡದ್ದು" ಅಂದ. ಖಾಲಿ ಕೊಡ ಕೆಳಗಿಟ್ಟು, "ಐದ ವರ್ಷ ಸೋತದ್ದು ಇದರ ಓಟಾ ಆಗಿತ್ತು, ತಮ್ಮಾ. ಇವತ್ತ ಗೆದ್ದಾಂವ ನೀ."

ನನಗೆ ನಾಚಿಕೆಯಾಯಿತು. ಇನ್ನೊಮ್ಮೆ ಓಡಿಸು ಎನ್ನುವ ಹಾಗೂ ಇರಲಿಲ್ಲ. ಅದರ ಕೊರಳಿಗೆ ಇನ್ನು ನೊಗವಿಲ್ಲ ಎಂದು ಅವನು ಮಾತು ಕೊಟ್ಟಾಗಿತ್ತು. ಅಣ್ಣ ಇನ್ನೊಂದು ಕೊಡ ನೀರು ತಂದು, ಎತ್ತಿನ ಹಣೆಯ ಗುಲಾಲು ಪೂರಾ ಹೋಗುವ ತನಕ ತಿಕ್ಕಿ ತೊಳೆದ.