ಮೇಣದ ಸಿಪ್ಪೆಯ ಪೊಟ್ಟಣ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದುವವರು ದಯವಿಟ್ಟು ಕ್ಷಮಿಸಬೇಕು. ಗಾಜಿನ ಸ್ಲೈಡಿನ ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆಯುವಾಗ ಮಾತ್ರ ಅದು ನೆಟ್ಟಗಿರುತ್ತದೆ, ಏಕೆಂದರೆ ಅಲ್ಲಿ ಇರುವುದು ಆರೇ ಅಂಕಿ. ಪದಗಳೂ ನನ್ನ ಹತ್ತಿರ ಕಡಿಮೆ. ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದಿದ್ದೇನೆ.

ನಾನು ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಹೇಳಿಕೊಳ್ಳುವಂಥ ಘನವಾದ ಕಾರಣವೇನೂ ಇಲ್ಲ. ಪರೀಕ್ಷೆಯಲ್ಲಿ ಅಂಚು ಬಿಟ್ಟು, ಗೆರೆ ಎಳೆದು, ಮೊದಲ ಪ್ರಶ್ನೆಗೆ ಉತ್ತರ ಬರೆದು, ಓದಿ, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಎದ್ದು ನಿಂತು ಪಾಠ ಓದು ಎಂದರೆ ಬಾಯಿಂದ ಗಾಳಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ನನ್ನಷ್ಟು ಶ್ರೀಮಂತರು ಯಾರೂ ಇಲ್ಲ.

ಮನೆಯಲ್ಲಿ ಕೂತಿದ್ದ ನನ್ನನ್ನು ದೊಡ್ಡಮ್ಮ ತಾವು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋದರು. ರೋಗಿಯ ಮೈಯಿಂದ ತೆಗೆದ ಚೂರು ಅಲ್ಲಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ ಬೆಂಕಿಪೊಟ್ಟಣದಷ್ಟು ಅಗಲದ ಬ್ಲಾಕ್ ಮಾಡುತ್ತಾರೆ. ಯಂತ್ರದ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಬ್ಲೇಡು ಅದರಿಂದ ಒಂದು ಪದರ ತೆಗೆಯುತ್ತದೆ, ಈರುಳ್ಳಿ ಪೊರೆಗಿಂತ ತೆಳು. ಅದನ್ನು ಬೆಚ್ಚಗಿನ ನೀರಿನಲ್ಲಿ ತೇಲಿಸಿ ಗಾಜಿನ ಮೇಲೆ ಎತ್ತಿಕೊಟ್ಟರೆ ಡಾಕ್ಟರಮ್ಮ ನೋಡಿ ಕಾಯಿಲೆ ಯಾವುದೆಂದು ಹೇಳುತ್ತಾರೆ. ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಆ ಚಕ್ರ ತಿರುಗಿಸುತ್ತಿದ್ದಾರೆ. ನಾನು ಮೊದಲ ವರ್ಷ ಗಾಜು ತೊಳೆದೆ. ಆಮೇಲೆ ಮಾಮೂಲಿ ಬ್ಲಾಕುಗಳ ಮುಖ ಕೆರೆಯಲು ಬಿಟ್ಟರು. ಮೇಲಿನ ಒರಟು ಪದರಗಳನ್ನು ತೆಗೆದು, ಒಳಗಿನ ಚೂರು ಪೂರ್ತಿ ಕಾಣುವಂತೆ ನಯ ಮಾಡುವ ಕೆಲಸ ಅದು.

ಹಾಗೆ ಕೆರೆದ ಸಿಪ್ಪೆಯನ್ನು ಎಲ್ಲರೂ ಬ್ರಷ್ಷಿನಿಂದ ಕಸದ ಡಬ್ಬಿಗೆ ತಳ್ಳುತ್ತಾರೆ. ಎಸೆಯಬಹುದು ಎಂದು ನನಗೆ ಮೊದಲ ದಿನ ಯಾರೂ ಹೇಳಲಿಲ್ಲ. ಕೇಳಲು ಬಾಯಿ ಬೇಕಲ್ಲ. ಕಾಗದದಲ್ಲಿ ಪೊಟ್ಟಣ ಕಟ್ಟಿ, ಬ್ಲಾಕಿನ ನಂಬರು ಬರೆದು, ಡ್ರಾಯರಿನಲ್ಲಿ ಇಟ್ಟೆ. ಅದೇ ಅಭ್ಯಾಸವಾಯಿತು. ರಿಪೋರ್ಟು ಹೋಗುವವರೆಗೆ ಒಂದು ಪೊಟ್ಟಣವನ್ನೂ ಎಸೆಯುತ್ತಿರಲಿಲ್ಲ. ಲ್ಯಾಬಿನವರು ನನಗೆ ಮೆಲ್ಲಮ್ಮ ಎಂದು ಹೆಸರಿಟ್ಟಿದ್ದರು. ಡ್ರಾಯರು ಮೆಲ್ಲಮ್ಮನ ಕಿರಾಣಿ ಅಂಗಡಿಯಾಯಿತು. ಒಬ್ಬರ ಚೂರು ಇನ್ನೊಬ್ಬರದಕ್ಕೆ ಅಂಟೀತು ಎಂಬ ಹೆದರಿಕೆಗೆ ಪ್ರತಿ ಬ್ಲಾಕಿಗೂ ಹೊಸ ಬ್ಲೇಡು ಹಾಕುತ್ತಿದ್ದೆ. ಈ ಹುಡುಗಿ ಬ್ಲೇಡು ತಿಂತಾಳಾ ಎಂದು ಸ್ಟೋರಿನವರು ದೊಡ್ಡಮ್ಮನನ್ನು ಕೇಳಿದ್ದರಂತೆ.

ಕೆರೆಯಬಾರದ ಬ್ಲಾಕುಗಳೂ ಇವೆ. ಒಂದೇ ಕ್ಯಾನ್ಸರ್ ಆದರೂ ಒಬ್ಬೊಬ್ಬರ ಜೀನಿನಲ್ಲಿ ಒಂದೊಂದು ಬದಲಾವಣೆ ಇರುತ್ತದಂತೆ. ಅದು ಯಾವುದೆಂದು ತಿಳಿದರೆ ಅದಕ್ಕೇ ಹೊಂದುವ ಮಾತ್ರೆ ಕೊಡಬಹುದು. ಆ ಪರೀಕ್ಷೆಗೆ ಚೂರು ಎಷ್ಟಿದ್ದರೂ ಸಾಲದು. ಅದಕ್ಕೇ ಅಂಥ ಬ್ಲಾಕನ್ನು ಕೆಂಪು ಮುಚ್ಚಳದ ಡಬ್ಬಿಯಲ್ಲಿ ಇಡುತ್ತಾರೆ. ದೊಡ್ಡಮ್ಮ ಒಬ್ಬರೇ ಮುಟ್ಟುತ್ತಾರೆ, ಮೊದಲ ಪದರವನ್ನೂ ಬಿಡದೆ ಎತ್ತಿಡುತ್ತಾರೆ.

ಆ ದಿನ, ಕೆರೆಯುವ ಮೊದಲು ಮೇಣ ಗಟ್ಟಿಯಾಗಲೆಂದು ಬ್ಲಾಕುಗಳನ್ನು ಇಡುವ ನನ್ನ ಮಂಜುಗಡ್ಡೆ ತಟ್ಟೆಯ ಮೇಲೆ ಒಂದು ಬ್ಲಾಕ್ ಇತ್ತು. ಅದರ ಫಾರಂನಲ್ಲಿ ಜೀನ್ ಟೆಸ್ಟ್ ಎಂಬುದರ ಎದುರು ಗುರುತು ಹಾಕಿತ್ತು. ಕೆಂಪು ಡಬ್ಬಿ ಮಾತ್ರ ಇರಲಿಲ್ಲ. ಗುರುತನ್ನು ನಂಬಲೇ, ತಟ್ಟೆಯನ್ನು ನಂಬಲೇ ತಿಳಿಯಲಿಲ್ಲ. ಕೇಳೋಣವೆಂದು ಡಾಕ್ಟರಮ್ಮನ ಕೋಣೆಯವರೆಗೂ ಹೋದೆ. ಒಳಗೆ ದೊಡ್ಡಮ್ಮ ಅವರ ಜೊತೆ ಮಾತಾಡುತ್ತಿದ್ದರು. ಬಾಗಿಲ ಹಿಡಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ವಾಪಸ್ ಬಂದೆ. ಹೇಗೂ ಜಾಗ್ರತೆಯಿಂದ ಮಾಡಿದರಾಯಿತಲ್ಲ ಅಂದುಕೊಂಡೆ. ಎಂದೂ ಇಲ್ಲದಷ್ಟು ಜಾಗ್ರತೆಯಿಂದ, ಕನ್ನಡಿಯಂತೆ ನಯವಾಗುವವರೆಗೆ ಕೆರೆದೆ.

ದೊಡ್ಡಮ್ಮ ಬಂದು ಬ್ಲಾಕನ್ನು ಬೆಳಕಿಗೆ ಹಿಡಿದರು. ದಾರದ ತುಂಡಿನಂತಿದ್ದ ಚೂರು ತೆಳುವಾಗಿ ಆಚೆಯ ಕಿಟಕಿ ಮಸುಕಾಗಿ ಕಾಣುತ್ತಿತ್ತು.

"ಎಷ್ಟು ಸುತ್ತು ತಿರುಗಿಸ್ದೆ?"

"ಇಪ್ಪತ್ತೆರಡು."

"ಅಷ್ಟು ಸರಿಯಾಗಿ ಎಣಿಸಿದೀಯಲ್ಲ, ನಡುವೆ ಎಲ್ಲೂ ನಿಲ್ಲಿಸ್ಬೇಕು ಅನಿಸ್ಲಿಲ್ವೇನೇ?"

ಆಮೇಲೆ ಅವರು ಫಾರಂ ತಿರುಗಿಸಿ ಹೆಸರು ತೋರಿಸಿದರು. ಅದು ಟೈಲರಮ್ಮನ ಚೂರು. ನಮ್ಮ ಲ್ಯಾಬಿನ ಏಪ್ರನ್ನುಗಳನ್ನೆಲ್ಲ ಹೊಲಿಯುವವರು ಅವರೇ. ನನ್ನದು ಉದ್ದ ಜಾಸ್ತಿಯೆಂದು ಹೇಳಲಾಗದೆ ಎಡವಿಕೊಂಡೇ ಓಡಾಡುತ್ತಿದ್ದಾಗ, ಒಂದು ದಿನ ತಾವೇ ನೋಡಿ, ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮಡಿಸಿ ಹೊಲಿದಿದ್ದರು. ಅವರಿಗೆ ಶ್ವಾಸಕೋಶದಲ್ಲಿ ಗಡ್ಡೆ. ಸೂಜಿ ಚುಚ್ಚಿ ಈ ಚೂರು ತೆಗೆದಾಗ ಗಾಳಿ ಸೋರಿ ಆರು ದಿನ ಎದೆಗೆ ನಳಿಗೆ ಹಾಕಿದ್ದರು. ಅವರ ಗಂಡ ದಿನವೂ ನಮ್ಮ ಕಿಟಕಿಗೆ ಬಂದು ರಿಪೋರ್ಟು ಬಂತಾ ಎಂದು ಕೇಳುತ್ತಿದ್ದರು. ನಾನು ಉತ್ತರದ ಬದಲು ತಲೆ ಅಲ್ಲಾಡಿಸುತ್ತಿದ್ದೆ.

ಬ್ಲಾಕನ್ನು ಕೆಂಪು ಡಬ್ಬಿಗೆ ಹಾಕಬೇಕಾಗಿದ್ದವರು ದೊಡ್ಡಮ್ಮ. ಅವರು ಡಾಕ್ಟರಮ್ಮನ ಎದುರು ಮೊದಲು ಅದನ್ನೇ ಹೇಳಿದರು, ತಪ್ಪು ನನ್ನದು, ಹುಡುಗಿಯದಲ್ಲ ಎಂದು. ಡಾಕ್ಟರಮ್ಮ ಬೈಯಲಿಲ್ಲ. ಉಳಿದಿರುವುದು ಪರೀಕ್ಷೆಗೆ ಸಾಲುವುದಿಲ್ಲ, ಇನ್ನೊಮ್ಮೆ ಚುಚ್ಚಲು ಆಕೆಯ ಎದೆ ತಡೆಯುವುದಿಲ್ಲ, ಮಾತ್ರೆ ಹೊಂದುತ್ತದೋ ಇಲ್ಲವೋ ತಿಳಿಯದೆಯೇ ಕೀಮೋ ಔಷಧದ ಡ್ರಿಪ್ ಶುರು ಮಾಡಬೇಕಾಗುತ್ತದೆ ಎಂದರು. ಟೈಲರಮ್ಮನ ಗಂಡನನ್ನು ಕರೆಯಲು ಫೋನು ಎತ್ತಿಕೊಂಡರು.

ಪೊಟ್ಟಣ ನನ್ನ ಡ್ರಾಯರಿನಲ್ಲೇ ಇತ್ತು. ಅದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕಸ ತಂದುಕೊಟ್ಟಳು ಎಂದು ನಕ್ಕರೆ ಎಂಬ ಯೋಚನೆ ಆಗಲೂ ಬಂತು. ಇಂಥ ಹೊತ್ತಿನಲ್ಲೂ ನನಗೆ ನನ್ನ ಮರ್ಯಾದೆಯದೇ ಚಿಂತೆ. ಡಾಕ್ಟರಮ್ಮ ಮೂರನೇ ಅಂಕಿ ಒತ್ತುವಾಗ ಬಾಯಿ ಬಿಟ್ಟೆ.

"ಸಿಪ್ಪೆ ಇದೆ."

ಎರಡು ವರ್ಷ ಒಳಗೇ ಕೂತಿದ್ದ ದನಿಯೆಲ್ಲ ಒಟ್ಟಿಗೆ ಬಂದಿರಬೇಕು. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವರು ನಿಂತು ನೋಡಿದರಂತೆ.

ಡಾಕ್ಟರಮ್ಮ ಫೋನು ಇಟ್ಟು, ನಾನು ಓಡಿ ತಂದುಕೊಟ್ಟ ಪೊಟ್ಟಣ ಬಿಚ್ಚಿದರು. ಇಪ್ಪತ್ತೆರಡು ಪದರ, ಸುರುಳಿ ಸುರುಳಿಯಾಗಿ.

"ಈ ಬ್ಲೇಡಲ್ಲಿ ಇದಕ್ಕೆ ಮುಂಚೆ ಬೇರೆ ಯಾರದ್ದಾದ್ರೂ ಕತ್ತರಿಸಿದ್ಯಾ?"

"ಇಲ್ಲ ಮೇಡಂ. ಒಂದಕ್ಕೆ ಒಂದು."

"ಹಾಗೆ ಮಾಡು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹೆದರಿಕೆ."

ದೊಡ್ಡಮ್ಮ ಒಂದು ಸುರುಳಿಯನ್ನು ನೀರಿನಲ್ಲಿ ಬಿಡಿಸಿ ಗಾಜಿಗೆ ಎತ್ತಿದರು. ಬಣ್ಣ ಹಾಕಿ ನೋಡಿದಾಗ ಗಡ್ಡೆಯ ಜೀವಕೋಶಗಳು ಸಾಕಷ್ಟು ಕಂಡವು. ಉಳಿದ ಸುರುಳಿಗಳನ್ನು ಸಣ್ಣ ಟ್ಯೂಬಿಗೆ ಹಾಕಿ, ಬ್ಲಾಕಿನ ಜೊತೆ ಪರೀಕ್ಷೆಗೆ ಕಳಿಸಿದರು. ನಡೆದದ್ದನ್ನು ಡಾಕ್ಟರಮ್ಮ ಒಂದೂ ಮುಚ್ಚಿಡದೆ ಫಾರಂನಲ್ಲಿ ಬರೆದರು. ಟೈಲರಮ್ಮನ ಗಂಡನಿಗೂ ಹೇಳಿದರು.

ಹನ್ನೊಂದನೇ ದಿನ ರಿಪೋರ್ಟು ಬಂತು. ಚೂರು ಸಾಕಾಗಿತ್ತು. ಮಾತ್ರೆಯಿರುವ ಬದಲಾವಣೆಯೇ ಸಿಕ್ಕಿತ್ತು. ಟೈಲರಮ್ಮನ ಗಂಡ ಕಿಟಕಿಗೆ ಬಂದು ಆ ಹುಡುಗಿ ಎಲ್ಲಿ ಎಂದು ಕೇಳಿದಾಗ ನಾನು ಬೀರುವಿನ ಹಿಂದೆ ನಿಂತು, ಅಲ್ಲಿಲ್ಲದ ಧೂಳನ್ನು ಒರೆಸುತ್ತಿದ್ದೆ. ಥ್ಯಾಂಕ್ಸ್ ತೆಗೆದುಕೊಳ್ಳಲು ನನಗೆ ಮುಖವೂ ಇರಲಿಲ್ಲ. ಬೆಂಕಿ ಇಟ್ಟವಳೇ ನೀರು ತಂದರೆ ಅದೇನು ಸಾಹಸ?

ಮನೆಗೆ ನಡೆಯುವಾಗ ದೊಡ್ಡಮ್ಮ ಒಂದೇ ಮಾತು ಹೇಳಿದರು. "ನಿನ್ನ ಹೆದರಿಕೆ ಹಾಗೇ ಇರಲಿ ಮಗಳೇ. ಸುಮ್ಮನಿರೋದೊಂದು ಬಿಡು."

ಈಗ ಲ್ಯಾಬಿನಲ್ಲಿ ಎಲ್ಲರೂ ಪೊಟ್ಟಣ ಕಟ್ಟುತ್ತಾರೆ. ಕಿರಾಣಿ ಅಂಗಡಿಗೆ ಎರಡು ಡ್ರಾಯರು ಕೊಟ್ಟಿದ್ದಾರೆ. ನಾಳೆಗೆ ನನ್ನ ತಟ್ಟೆಯಲ್ಲಿ ಐದು ಬ್ಲಾಕ್ ಇವೆ. ಅದರಲ್ಲಿ ಒಂದರ ಫಾರಂನಲ್ಲಿ ಹಾಕಿರುವ ಗುರುತು ನನಗೆ ಅರ್ಥವಾಗಿಲ್ಲ. ಬೆಳಿಗ್ಗೆ ಹೋದ ತಕ್ಷಣ, ಚಕ್ರ ಮುಟ್ಟುವ ಮೊದಲು, ಡಾಕ್ಟರಮ್ಮನ ಕೋಣೆಯ ಬಾಗಿಲು ತಟ್ಟಿ ಅದನ್ನು ಕೇಳುತ್ತೇನೆ.